ದೇಶಗಳ ನಡುವಿನ ಹಸಿರುಮನೆ ಅನಿಲ ಅಸಮಾನತೆ: ಅಳೆಯುವುದು ಹೇಗೆ, ಎಡವುವುದು ಎಲ್ಲಿ

ಒಂದೇ ವರ್ಷದ ಅಂಕಿಗಳನ್ನು ಒಂದೇ ಕಡತದಿಂದ ಇಳಿಸಿಕೊಂಡು ಲೆಕ್ಕಕ್ಕೆ ಕೂತ ಮೂವರು ಮೂರು ಬೇರೆ ಬೇರೆ ಗಿನಿ ಸೂಚ್ಯಂಕ (ಅಸಮಾನತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆ; 0 ಎಂದರೆ ಎಲ್ಲರೂ ಸಮ, 1ರ ಹತ್ತಿರ ಹೋದಷ್ಟೂ ಅಂತರ ಹೆಚ್ಚು) ತರುತ್ತಾರೆ. ಸೂತ್ರ ಮೂವರದ್ದೂ ಸರಿಯಾಗಿಯೇ ಇರುತ್ತದೆ. ಆದರೆ ಒಬ್ಬರು ದೇಶಗಳ ಒಟ್ಟು ಹೊರಸೂಸುವಿಕೆ ಹಿಡಿದಿರುತ್ತಾರೆ, ಇನ್ನೊಬ್ಬರು ತಲಾ ಪ್ರಮಾಣ ಹಿಡಿದು ಜನಸಂಖ್ಯೆಯ ತೂಕ ಕೊಡುವುದನ್ನು ಬಿಟ್ಟಿರುತ್ತಾರೆ, ಮತ್ತೊಬ್ಬರ ಹಾಳೆಯಲ್ಲಿ ‘ಏಷ್ಯಾ’, ‘ಜಗತ್ತು’ ಎಂಬ ಸಾಲುಗಳೂ ದೇಶಗಳ ಜೊತೆ ಕೂತಿರುತ್ತವೆ. ತಿದ್ದಲು ಎಂದು ನನ್ನ ಮುಂದೆ ಬರುವ ಹಾಳೆಗಳಲ್ಲಿ ಇವೇ ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಯಾವ ದೇಶ ಎಷ್ಟು ಕಡಿತ ಮಾಡಬೇಕು, ಯಾರು ಎಷ್ಟು ಹಣ ಕೊಡಬೇಕು ಎಂಬ ವಾದಗಳು ಈ ಸಂಖ್ಯೆಯ ಮೇಲೆ ನಿಲ್ಲುತ್ತವೆ. ಅದಕ್ಕಾಗಿ ಇಡೀ ಕೆಲಸವನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಮೊದಲ ನಾಲ್ಕು ಹಂತಗಳಲ್ಲಿ ಆದ ತಪ್ಪನ್ನು ಕೊನೆಯ ಸೂತ್ರ ತಿದ್ದಿಕೊಡುವುದಿಲ್ಲ.

ಬೇಕಾಗುವ ಸಲಕರಣೆ

ಎಕ್ಸೆಲ್ ಅಥವಾ ಅಂಥದ್ದೇ ಒಂದು ಸ್ಪ್ರೆಡ್‌ಶೀಟ್ ಸಾಕು. ಪೈಥಾನ್ ಅಥವಾ ಆರ್ ಬರುವವರು ಅದರಲ್ಲಿ ಮಾಡಬಹುದು, ಆದರೆ ಮೊದಲ ಸಲ ಸ್ಪ್ರೆಡ್‌ಶೀಟಿನಲ್ಲೇ ಮಾಡಿ. ಪ್ರತಿ ಸಾಲೂ ಕಣ್ಣಿಗೆ ಬೀಳುತ್ತದೆ. ಸಿದ್ಧ ಪ್ಯಾಕೇಜುಗಳ ಗಿನಿ ಫಂಕ್ಷನ್‌ಗಳಲ್ಲಿ ಹಲವು ಜನಸಂಖ್ಯೆಯ ತೂಕವನ್ನು ತೆಗೆದುಕೊಳ್ಳುವುದೇ ಇಲ್ಲ. ಅದು ತಿಳಿಯದೆ ಬಳಸಿದವರಿಗೆ ತಪ್ಪಾಗಿದೆ ಎಂಬ ಸುಳಿವೂ ಸಿಗುವುದಿಲ್ಲ.

ಎರಡು ದತ್ತಾಂಶ ಬೇಕು. ಒಂದು ಹೊರಸೂಸುವಿಕೆಯದು, ಇನ್ನೊಂದು ಜನಸಂಖ್ಯೆಯದು. ಹೊರಸೂಸುವಿಕೆಗೆ ಯುರೋಪಿಯನ್ ಕಮಿಷನ್ನಿನ ಜಂಟಿ ಸಂಶೋಧನಾ ಕೇಂದ್ರದ ‘ಎಡ್ಗರ್’, ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್, ಪ್ರೈಮ್ಯಾಪ್-ಹಿಸ್ಟ್ ಇವುಗಳಲ್ಲಿ ಒಂದನ್ನು ಆರಿಸಿ. ಎಲ್ಲವೂ ಉಚಿತ. ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟಿನ ದೇಶವಾರು ಕೋಷ್ಟಕ ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡಿನದು. ಎಲ್ಲ ಅನಿಲಗಳೂ ಬೇಕೆಂದರೆ ಎಡ್ಗರ್ ಅಥವಾ ಪ್ರೈಮ್ಯಾಪ್ ಹಿಡಿಯಿರಿ. ಜನಸಂಖ್ಯೆಗೆ ವಿಶ್ವಸಂಸ್ಥೆಯ ‘ವರ್ಲ್ಡ್ ಪಾಪ್ಯುಲೇಷನ್ ಪ್ರಾಸ್ಪೆಕ್ಟ್ಸ್’ ಸಾಕು.

ಹಂತ 1: ಏನನ್ನು ಅಳೆಯುತ್ತಿದ್ದೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಕಡತ ತೆರೆಯುವ ಮೊದಲು ಈ ವಾಕ್ಯ ಹಾಳೆಯ ಮೇಲೆ ಬರಬೇಕು. ಉದಾಹರಣೆಗೆ: ‘2022ರಲ್ಲಿ, ಭೂಬಳಕೆ ಬಿಟ್ಟು, ಎಲ್ಲ ಹಸಿರುಮನೆ ಅನಿಲಗಳ, ಉತ್ಪಾದನೆಯಾದ ದೇಶದ ಲೆಕ್ಕದಲ್ಲಿ, ತಲಾ ಹೊರಸೂಸುವಿಕೆಯ, ಜನಸಂಖ್ಯೆಯ ತೂಕವಿರುವ ಅಸಮಾನತೆ.’ ಉದ್ದವಾಯಿತು ಎನ್ನಿಸಿದರೂ ಇದರಲ್ಲಿ ಕೈಬಿಡಬಹುದಾದ ಪದ ಒಂದೂ ಇಲ್ಲ. ಒಂದೊಂದು ಪದ ಬದಲಾದರೂ ಉತ್ತರ ಬದಲಾಗುತ್ತದೆ.

ಒಟ್ಟು ಪ್ರಮಾಣವೋ ತಲಾ ಪ್ರಮಾಣವೋ ಎಂಬುದು ಮೊದಲ ಆಯ್ಕೆ. ಒಟ್ಟು ಪ್ರಮಾಣದ ಅಸಮಾನತೆ ಹೆಚ್ಚಾಗಿ ಹೇಳುವುದು ದೇಶಗಳ ಗಾತ್ರದ ಕಥೆಯನ್ನು. ನೂರು ಕೋಟಿಗೂ ಹೆಚ್ಚು ಜನರಿರುವ ದೇಶ ಕೆಲವೇ ಸಾವಿರ ಜನರಿರುವ ದ್ವೀಪಕ್ಕಿಂತ ಹೆಚ್ಚು ಹೊಗೆ ಉಗುಳುತ್ತದೆ ಎಂದು ತಿಳಿಯಲು ಸೂಚ್ಯಂಕ ಬೇಕಿಲ್ಲ. ನ್ಯಾಯದ ಪ್ರಶ್ನೆ ಕೇಳುತ್ತಿದ್ದರೆ ತಲಾ ಪ್ರಮಾಣವನ್ನೇ ಹಿಡಿಯಿರಿ.

ಎರಡನೆಯದು ತೂಕ. ತೂಕ ಕೊಡದಿದ್ದರೆ ಪ್ರತಿ ದೇಶಕ್ಕೂ ಒಂದೊಂದು ಮತ ಸಿಕ್ಕಂತೆ, ಲಕ್ಸೆಂಬರ್ಗೂ ಚೀನಾವೂ ಸಮ. ಜನಸಂಖ್ಯೆಯ ತೂಕ ಕೊಟ್ಟರೆ ಪ್ರತಿ ಮನುಷ್ಯನಿಗೂ ಒಂದು ಮತ. ಮನುಷ್ಯರ ನಡುವಿನ ಅಸಮಾನತೆಯ ಬಗ್ಗೆ ಮಾತಾಡುವುದಾದರೆ ಎರಡನೆಯದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

ಮೂರನೆಯದು ಎಲ್ಲಿ ಲೆಕ್ಕ ಹಿಡಿಯುವುದು ಎಂಬ ಪ್ರಶ್ನೆ. ಕಾರ್ಖಾನೆ ಇರುವ ದೇಶದ ಖಾತೆಗೆ ಬರೆದರೆ ಉತ್ಪಾದನಾ ಲೆಕ್ಕ. ಆ ಸರಕನ್ನು ಕೊಂಡು ಬಳಸಿದ ದೇಶದ ಖಾತೆಗೆ ಬರೆದರೆ ಬಳಕೆಯ ಲೆಕ್ಕ. ಚೀನಾ, ರಷ್ಯಾ, ದಕ್ಷಿಣ ಆಫ್ರಿಕಾಗಳ ಉತ್ಪಾದನಾ ಲೆಕ್ಕ ಬಳಕೆಯ ಲೆಕ್ಕಕ್ಕಿಂತ ದೊಡ್ಡದು. ಬ್ರಿಟನ್, ಸ್ವೀಡನ್, ಸ್ವಿಟ್ಜರ್ಲೆಂಡಿನದು ಇದಕ್ಕೆ ತಿರುಗಾಮುರುಗಾ. ಬಳಕೆಯ ಲೆಕ್ಕವನ್ನು ದೇಶಗಳ ನಡುವಿನ ವ್ಯಾಪಾರದ ಕೋಷ್ಟಕಗಳಿಂದ ಅಂದಾಜು ಮಾಡುತ್ತಾರೆ. ಹಾಗಾಗಿ ಅದು ಕಡಿಮೆ ದೇಶಗಳಿಗೆ, ಕಡಿಮೆ ವರ್ಷಗಳಿಗೆ ಸಿಗುತ್ತದೆ. ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟಿನ ಬಳಕೆಯ ಅಂಕಿಗಳು 1990ರಿಂದ ಮಾತ್ರ ಇವೆ.

ಸಾಮಾನ್ಯ ತಪ್ಪು: ಉತ್ಪಾದನಾ ಗಿನಿಯನ್ನು ಇನ್ನೂರು ದೇಶಗಳಿಗೆ ಲೆಕ್ಕ ಹಾಕಿ, ಬಳಕೆಯ ಗಿನಿಯನ್ನು ಲಭ್ಯವಿರುವಷ್ಟೇ ದೇಶಗಳಿಗೆ ಲೆಕ್ಕ ಹಾಕಿ, ಎರಡನ್ನೂ ಪಕ್ಕಪಕ್ಕ ಇಡುವುದು. ಬಿಟ್ಟುಹೋದವುಗಳಲ್ಲಿ ಹೆಚ್ಚಿನವು ಬಡ ದೇಶಗಳು. ಆಗ ಕಾಣುವ ವ್ಯತ್ಯಾಸದಲ್ಲಿ ವ್ಯಾಪಾರದ ಪಾಲೆಷ್ಟು, ಬಿಟ್ಟುಹೋದ ದೇಶಗಳ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಎರಡೂ ಕಡೆ ಒಂದೇ ದೇಶಪಟ್ಟಿ ಇರಲಿ.

ಹಂತ 2: ಅನಿಲಗಳನ್ನು ಒಂದೇ ಅಳತೆಗೆ ತನ್ನಿ

ಮೀಥೇನ್ ಮತ್ತು ನೈಟ್ರಸ್ ಆಕ್ಸೈಡನ್ನು ಕಾರ್ಬನ್ ಡೈಆಕ್ಸೈಡಿನ ಜೊತೆ ಕೂಡಿಸಲು ಅವನ್ನು ‘ಕಾರ್ಬನ್ ಡೈಆಕ್ಸೈಡ್ ಸಮಾನ’ಕ್ಕೆ ಬದಲಿಸಬೇಕು. ಒಂದು ಟನ್ ಅನಿಲ ಎಷ್ಟು ಟನ್ ಕಾರ್ಬನ್ ಡೈಆಕ್ಸೈಡಿನಷ್ಟು ಬಿಸಿ ಹೆಚ್ಚಿಸುತ್ತದೆ ಎಂದು ಹೇಳುವ ಗುಣಕಗಳು ಅದಕ್ಕಿವೆ. ನೂರು ವರ್ಷಗಳ ಅವಧಿಗೆ ಐಪಿಸಿಸಿಯ (ಹವಾಮಾನ ಬದಲಾವಣೆಯ ಕುರಿತ ಅಂತರಸರ್ಕಾರಿ ಸಮಿತಿ) ನಾಲ್ಕನೇ ವರದಿ ಮೀಥೇನ್‌ಗೆ 25, ನೈಟ್ರಸ್ ಆಕ್ಸೈಡ್‌ಗೆ 298 ಕೊಟ್ಟಿತ್ತು. ಐದನೇ ವರದಿ 28 ಮತ್ತು 265 ಕೊಟ್ಟಿತು. ಆರನೇ ವರದಿಯಲ್ಲಿ ಪಳೆಯುಳಿಕೆ ಮೂಲದ ಮೀಥೇನ್‌ಗೆ 29.8, ಉಳಿದ ಮೀಥೇನ್‌ಗೆ 27, ನೈಟ್ರಸ್ ಆಕ್ಸೈಡ್‌ಗೆ 273. ಪ್ಯಾರಿಸ್ ಒಪ್ಪಂದದಡಿ ದೇಶಗಳು ವರದಿ ಮಾಡುವಾಗ ಐದನೇ ವರದಿಯ ನೂರು ವರ್ಷಗಳ ಗುಣಕಗಳನ್ನು ಬಳಸಬೇಕು.

ಯಾವುದನ್ನು ಆರಿಸಿದಿರಿ ಎಂಬುದಕ್ಕಿಂತ ಎಲ್ಲ ದೇಶಗಳಿಗೂ ಎಲ್ಲ ವರ್ಷಗಳಿಗೂ ಅದೊಂದನ್ನೇ ಬಳಸಿದಿರಾ ಎಂಬುದು ಮುಖ್ಯ. ಹಳೆಯ ರಾಷ್ಟ್ರೀಯ ವರದಿಗಳಲ್ಲಿ ಮೀಥೇನ್‌ಗೆ 21 ಹಾಕಿದ ಅಂಕಿಗಳೂ ಸಿಗುತ್ತವೆ. ಅವನ್ನು 28 ಹಾಕಿದ ಅಂಕಿಗಳ ಪಕ್ಕ ಇಟ್ಟರೆ ಮೀಥೇನ್ ಮೂರನೇ ಒಂದರಷ್ಟು ಏರಿದಂತೆ ಕಾಣುತ್ತದೆ, ಹೊಲದಲ್ಲಿ ಏನೂ ಬದಲಾಗಿರುವುದಿಲ್ಲ.

ಯಾವ ಅನಿಲ ಸೇರಿಸಿದಿರಿ ಎಂಬುದರ ಮೇಲೆ ಅಸಮಾನತೆಯ ಚಿತ್ರವೇ ಬೇರೆಯಾಗುತ್ತದೆ. ಪಳೆಯುಳಿಕೆ ಇಂಧನದ ಕಾರ್ಬನ್ ಡೈಆಕ್ಸೈಡ್ ಸಿರಿವಂತಿಕೆಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಭತ್ತದ ಗದ್ದೆ, ಜಾನುವಾರುಗಳಿಂದ ಬರುವ ಮೀಥೇನ್ ಬಡ ದೇಶಗಳಲ್ಲೂ ಇರುತ್ತದೆ. ಆದ್ದರಿಂದ ಎಲ್ಲ ಅನಿಲಗಳನ್ನೂ ಸೇರಿಸಿದ ಗಿನಿ ಬರೀ ಕಾರ್ಬನ್ ಡೈಆಕ್ಸೈಡಿನ ಗಿನಿಗಿಂತ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಬರೀ ಕಾರ್ಬನ್ ಡೈಆಕ್ಸೈಡ್ ಅಳೆದು ‘ಹಸಿರುಮನೆ ಅನಿಲಗಳ ಅಸಮಾನತೆ’ ಎಂದು ಶೀರ್ಷಿಕೆ ಕೊಡುವುದು ಓದುಗರನ್ನು ದಾರಿ ತಪ್ಪಿಸುತ್ತದೆ.

ಭೂಬಳಕೆಯ ವಿಷಯದಲ್ಲಿ ಎಚ್ಚರ ಬೇಕು. ಕಾಡು ಕಡಿದಾಗ ಹೊರಬರುವ, ಕಾಡು ಬೆಳೆದಾಗ ಹೀರಲ್ಪಡುವ ಇಂಗಾಲವನ್ನು ಸೇರಿಸಿದರೆ ಬ್ರೆಜಿಲ್, ಇಂಡೊನೇಷ್ಯಾ, ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಅಂಕಿ ಒಮ್ಮೆಗೇ ಮೇಲೇರುತ್ತದೆ. ಭೂತಾನ್, ಸುರಿನಾಮ್‌ನಂಥ ದಟ್ಟ ಕಾಡಿನ ದೇಶಗಳ ನಿವ್ವಳ ಅಂಕಿ ಸೊನ್ನೆಗಿಂತ ಕೆಳಗಿಳಿಯಬಹುದು. ಋಣ ಸಂಖ್ಯೆ ಬಂದ ಕೂಡಲೇ ತೊಂದರೆ ಶುರು. ಲೊರೆಂಜ್ ರೇಖೆ (ಜನರ ಪಾಲಿನ ಎದುರು ಹೊರಸೂಸುವಿಕೆಯ ಪಾಲನ್ನು ತೋರಿಸುವ ಗೆರೆ, ಹಂತ 5) ಅಡ್ಡಗೆರೆಯ ಕೆಳಗೆ ಇಳಿಯುತ್ತದೆ, ಗಿನಿಗೆ 1 ಎಂಬ ಮೇಲ್ಮಿತಿ ಉಳಿಯುವುದಿಲ್ಲ, ಥೀಲ್ ಸೂಚ್ಯಂಕಕ್ಕೆ (ಅಸಮಾನತೆಯ ಇನ್ನೊಂದು ಅಳತೆ, ಹಂತ 7) ಲಾಗರಿತಮ್ಮೇ ಸಿಗುವುದಿಲ್ಲ. ಆಗ ಋಣ ಸಂಖ್ಯೆಯನ್ನು ಸದ್ದಿಲ್ಲದೆ ಸೊನ್ನೆ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ಮುಖ್ಯ ಲೆಕ್ಕವನ್ನು ಭೂಬಳಕೆ ಬಿಟ್ಟು ಮಾಡಿ. ಭೂಬಳಕೆ ಸೇರಿಸಿದ ಗಿನಿಯನ್ನು ಬೇರೆಯಾಗಿ, ಹಾಗೆಂದು ಹೇಳಿಯೇ ಕೊಡಿ.

ಹಂತ 3: ಸಾಲುಗಳನ್ನು ಸೋಸಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. ಸಮಯ ಕೊಟ್ಟು ಮಾಡಿ.

ಮೊದಲು ದೇಶವಲ್ಲದ ಸಾಲುಗಳನ್ನು ತೆಗೆಯಿರಿ. ಜಗತ್ತು, ಖಂಡಗಳು, ಐರೋಪ್ಯ ಒಕ್ಕೂಟದ 27, ‘ಹೆಚ್ಚು ಆದಾಯದ ದೇಶಗಳು’ ಇಂಥ ಮೊತ್ತದ ಸಾಲುಗಳು ದೇಶಗಳ ನಡುವೆಯೇ ಅಕ್ಷರಾನುಕ್ರಮದಲ್ಲಿ ಅಡಗಿರುತ್ತವೆ. ಸುಲಭ ದಾರಿ ಐಎಸ್‌ಒ ಸಂಸ್ಥೆಯ ಮೂರಕ್ಷರದ ದೇಶ ಸಂಕೇತ. ಮೊತ್ತದ ಸಾಲುಗಳಲ್ಲಿ ಈ ಕಾಲಂ ಖಾಲಿ ಇರುತ್ತದೆ ಅಥವಾ ದತ್ತಾಂಶದವರೇ ಕಟ್ಟಿದ ಬೇರೆ ಸಂಕೇತ ಇರುತ್ತದೆ. ಆದರೆ ಕೊಸೊವೊದಂಥ ಕೆಲವಕ್ಕೆ ಅಧಿಕೃತ ಐಎಸ್‌ಒ ಸಂಕೇತ ಇಲ್ಲ, ಕಣ್ಣುಮುಚ್ಚಿ ಅಳಿಸಬೇಡಿ.

ಎಚ್ಚರಿಕೆಯ ಗುರುತು: ತೆಗೆಯುವ ಮೊದಲು ‘ಜಗತ್ತು’ ಸಾಲಿನ ಮೊತ್ತವನ್ನು ಬೇರೆ ಕಡೆ ಬರೆದಿಡಿ. ಸೋಸಿದ ಮೇಲೆ ಉಳಿದ ಎಲ್ಲ ದೇಶಗಳನ್ನೂ ಕೂಡಿ. ಎರಡೂ ಹತ್ತಿರ ಹತ್ತಿರ ಬರಬೇಕು. ನಿಮ್ಮ ಮೊತ್ತ ಎರಡು ಮೂರು ಪಟ್ಟು ದೊಡ್ಡದಿದ್ದರೆ ಯಾವುದೋ ಗುಂಪಿನ ಸಾಲು ಉಳಿದಿದೆ. ಸ್ವಲ್ಪ ಕಡಿಮೆ ಇದ್ದರೆ ಅದಕ್ಕೆ ಒಂದು ಸಾಚಾ ಕಾರಣವಿದೆ: ಅಂತರರಾಷ್ಟ್ರೀಯ ವಿಮಾನ ಮತ್ತು ಹಡಗುಗಳ ಇಂಧನ. ಅದನ್ನು ಯಾವ ದೇಶದ ಖಾತೆಗೂ ಬರೆಯುವುದಿಲ್ಲ, ಎಡ್ಗರ್‌ನಲ್ಲಿ ಅದಕ್ಕೆ ಪ್ರತ್ಯೇಕ ಸಾಲುಗಳೇ ಇವೆ. ಪಳೆಯುಳಿಕೆ ಇಂಧನದ ಕಾರ್ಬನ್ ಡೈಆಕ್ಸೈಡಿನಲ್ಲಿ ಇದರ ಪಾಲು ಸುಮಾರು ಶೇ 3. ಈ ಸಾಲುಗಳಿಗೆ ಜನಸಂಖ್ಯೆ ಇಲ್ಲವಾದ್ದರಿಂದ ತೆಗೆಯಲೇಬೇಕು. ತೆಗೆದಿದ್ದೀರಿ ಎಂದು ಬರೆಯಲೂ ಬೇಕು, ಏಕೆಂದರೆ ದೂರ ದೇಶಕ್ಕೆ ವಿಮಾನ ಹತ್ತುವವರು ಹೆಚ್ಚಾಗಿ ಯಾವ ದೇಶಗಳವರು ಎಂಬುದು ಎಲ್ಲರಿಗೂ ಗೊತ್ತು.

ಇನ್ನು ಗಡಿಗಳ ಕೆಲಸ. ಎಡ್ಗರ್ ಕೆಲವು ದೇಶಗಳನ್ನು ಜೋಡಿಯಾಗಿ ಕೊಡುತ್ತದೆ: ಸರ್ಬಿಯಾ ಮತ್ತು ಮಾಂಟೆನೆಗ್ರೊ, ಸುಡಾನ್ ಮತ್ತು ದಕ್ಷಿಣ ಸುಡಾನ್, ಫ್ರಾನ್ಸ್ ಮತ್ತು ಮೊನಾಕೊ, ಸ್ಪೇನ್ ಮತ್ತು ಅಂಡೋರಾ. ವಿಶ್ವಸಂಸ್ಥೆಯ ಜನಸಂಖ್ಯೆಯ ಪಟ್ಟಿಯಲ್ಲಿ ಇವು ಬೇರೆ ಬೇರೆ. ಸಂಕೇತದ ಮೂಲಕ ವಿಲುಕಪ್ (ಎರಡು ಪಟ್ಟಿಗಳನ್ನು ಜೋಡಿಸುವ ಸ್ಪ್ರೆಡ್‌ಶೀಟ್ ಫಂಕ್ಷನ್) ಹಾಕಿದರೆ ಎರಡು ದೇಶಗಳ ಹೊಗೆಯನ್ನು ಒಂದೇ ದೇಶದ ಜನರಿಗೆ ಭಾಗಿಸಿದಂತಾಗುತ್ತದೆ. ಫ್ರಾನ್ಸ್ ಪಕ್ಕದ ಮೊನಾಕೊ ಬಿಟ್ಟರೆ ಗೊತ್ತೇ ಆಗದು. ಸುಡಾನ್ ವಿಷಯದಲ್ಲಿ ಉತ್ತರ ಕೆಟ್ಟುಹೋಗುತ್ತದೆ. ಜೋಡಿ ಇರುವಲ್ಲಿ ಎರಡೂ ಜನಸಂಖ್ಯೆಗಳನ್ನು ಕೂಡಿಸಿ ಹಾಕಿ.

ಅಂಕಿ ಇಲ್ಲದ ಕೋಶವನ್ನು ಸೊನ್ನೆ ಎಂದು ತಿಳಿಯಬೇಡಿ. ಒಂದು ಮೂಲದಲ್ಲಿ ಸಿಗದ ದೇಶವನ್ನು ಇನ್ನೊಂದು ಮೂಲದಿಂದ ತುಂಬಿಸುವುದೂ ಬೇಡ. ಎರಡು ಮೂಲಗಳು ಸಿಮೆಂಟ್ ತಯಾರಿಕೆಯನ್ನು, ತೈಲಬಾವಿಗಳಲ್ಲಿ ಗ್ಯಾಸ್ ಸುಡುವುದನ್ನು ಬೇರೆ ಬೇರೆ ರೀತಿ ಲೆಕ್ಕ ಹಿಡಿದಿರಬಹುದು.

ಹಂತ 4: ಜನಸಂಖ್ಯೆ ಜೋಡಿಸಿ, ಮಾನ ನೋಡಿ

ಹೊರಸೂಸುವಿಕೆಯ ವರ್ಷವೇ ಜನಸಂಖ್ಯೆಯ ವರ್ಷವೂ ಆಗಿರಲಿ. ಆಮೇಲೆ ಭಾಗಿಸಿ. ಕಡತಗಳಲ್ಲಿ ಹೊರಸೂಸುವಿಕೆ ಕಿಲೊಟನ್, ದಶಲಕ್ಷ ಟನ್, ಗಿಗಾಟನ್ ಹೀಗೆ ಬೇರೆ ಬೇರೆ ಮಾನದಲ್ಲಿರುತ್ತದೆ. ವಿಶ್ವಸಂಸ್ಥೆಯ ಜನಸಂಖ್ಯೆ ಸಾವಿರಗಳಲ್ಲಿ ಸಿಗುತ್ತದೆ. ಎಲ್ಲವನ್ನೂ ಟನ್ ಮತ್ತು ತಲೆಗೆ ಇಳಿಸಿಯೇ ಭಾಗಿಸಿ.

ಸರಿಬಂತೇ ಎಂದು ನೋಡಲು ಎರಡು ಒರೆಗಲ್ಲುಗಳು. 2023ರಲ್ಲಿ ಜಗತ್ತಿನ ಎಲ್ಲ ಹಸಿರುಮನೆ ಅನಿಲಗಳು, ಭೂಬಳಕೆ ಬಿಟ್ಟು, ಸುಮಾರು 53 ಗಿಗಾಟನ್, ಅಂದರೆ 5,300 ಕೋಟಿ ಟನ್. ಜನಸಂಖ್ಯೆ ಸುಮಾರು 810 ಕೋಟಿ. ತಲೆಗೆ ಆರೂವರೆ ಟನ್ ಬರಬೇಕು. ಬರೀ ಪಳೆಯುಳಿಕೆ ಕಾರ್ಬನ್ ಡೈಆಕ್ಸೈಡ್ ಆದರೆ ನಾಲ್ಕೂವರೆಯಿಂದ ಐದು ಟನ್ ಒಳಗೆ. ಅದೇ ಲೆಕ್ಕದಲ್ಲಿ ಅಮೆರಿಕ 15 ಟನ್ ಆಸುಪಾಸು, ಚೀನಾ 8ರ ಆಸುಪಾಸು, ಭಾರತ 2ರ ಆಸುಪಾಸು ಇರಬೇಕು.

ಅಮೆರಿಕಕ್ಕೆ 4 ಟನ್ ಬಂದರೆ ನಿಮ್ಮ ಕಡತ ಕಾರ್ಬನ್ ಡೈಆಕ್ಸೈಡಿನದಲ್ಲ, ಬರೀ ಇಂಗಾಲದ ತೂಕದ್ದು. ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್ ಹಲವು ಹಾಳೆಗಳನ್ನು ಇಂಗಾಲದ ತೂಕದಲ್ಲೇ ಕೊಡುತ್ತದೆ. ಆಗ 3.664ರಿಂದ ಗುಣಿಸಿ. ಇದರಲ್ಲಿ ಅಪಾಯವೊಂದಿದೆ. ಎಲ್ಲ ದೇಶಗಳದ್ದೂ ಇಂಗಾಲದ ತೂಕದಲ್ಲೇ ಇದ್ದರೆ ಗಿನಿ ಬದಲಾಗುವುದೇ ಇಲ್ಲ. ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅದು ಹಾಗೇ ಉಳಿಯುತ್ತದೆ. ಹಾಗಾಗಿ ಕೊನೆಯ ಸೂಚ್ಯಂಕ ಈ ತಪ್ಪನ್ನು ಮುಚ್ಚಿಡುತ್ತದೆ. ತಲಾ ಅಂಕಿಗಳನ್ನು ಈ ಹಂತದಲ್ಲೇ ಕಣ್ಣಿಟ್ಟು ನೋಡದಿದ್ದರೆ ವರದಿಯಲ್ಲಿ ತಪ್ಪು ಟನ್ನುಗಳು ಅಚ್ಚಾಗುತ್ತವೆ.

ಹಂತ 5: ಜೋಡಿಸಿ, ಲೊರೆಂಜ್ ರೇಖೆ ಎಳೆಯಿರಿ

ಇಲ್ಲಿಂದ ಮುಂದೆ ಲೆಕ್ಕ ಕೈಯಲ್ಲೇ ಮಾಡಿ ನೋಡಲಿ ಎಂದು ಐದು ಕಲ್ಪಿತ ದೇಶಗಳನ್ನು ಇಟ್ಟುಕೊಂಡಿದ್ದೇನೆ. ಒಟ್ಟು ಜನ 100 ಕೋಟಿ, ಒಟ್ಟು ಹೊರಸೂಸುವಿಕೆ 500 ಕೋಟಿ ಟನ್, ಸರಾಸರಿ ತಲೆಗೆ 5 ಟನ್.

ಅ ದೇಶ: 20 ಕೋಟಿ ಜನ, ತಲೆಗೆ 1 ಟನ್, ಒಟ್ಟು 20 ಕೋಟಿ ಟನ್
ಆ ದೇಶ: 40 ಕೋಟಿ ಜನ, ತಲೆಗೆ 2 ಟನ್, ಒಟ್ಟು 80 ಕೋಟಿ ಟನ್
ಇ ದೇಶ: 20 ಕೋಟಿ ಜನ, ತಲೆಗೆ 6 ಟನ್, ಒಟ್ಟು 120 ಕೋಟಿ ಟನ್
ಈ ದೇಶ: 15 ಕೋಟಿ ಜನ, ತಲೆಗೆ 12 ಟನ್, ಒಟ್ಟು 180 ಕೋಟಿ ಟನ್
ಉ ದೇಶ: 5 ಕೋಟಿ ಜನ, ತಲೆಗೆ 20 ಟನ್, ಒಟ್ಟು 100 ಕೋಟಿ ಟನ್

ದೇಶಗಳನ್ನು ತಲಾ ಹೊರಸೂಸುವಿಕೆಯ ಏರಿಕೆ ಕ್ರಮದಲ್ಲಿ ಜೋಡಿಸಿ. ಒಟ್ಟು ಹೊರಸೂಸುವಿಕೆಯ ಕ್ರಮದಲ್ಲಲ್ಲ. ಆಮೇಲೆ ಎರಡು ಕಾಲಂ ಮಾಡಿ. ಮೊದಲನೆಯದರಲ್ಲಿ ಪ್ರತಿ ದೇಶದ ಜನಸಂಖ್ಯೆಯ ಪಾಲು: 0.20, 0.40, 0.20, 0.15, 0.05. ಎರಡನೆಯದರಲ್ಲಿ ಹೊರಸೂಸುವಿಕೆಯ ಪಾಲು: 0.04, 0.16, 0.24, 0.36, 0.20. ಎರಡನ್ನೂ ಮೇಲಿಂದ ಕೆಳಕ್ಕೆ ಕೂಡುತ್ತಾ ಹೋಗಿ. ಹೊರಸೂಸುವಿಕೆಯ ಸಂಚಿತ ಪಾಲು 0.04, 0.20, 0.44, 0.80, 1.00 ಎಂದು ಬರುತ್ತದೆ. ಎರಡೂ ಕಾಲಂಗಳು 1ಕ್ಕೆ ಮುಗಿಯದಿದ್ದರೆ ಮುಂದೆ ಹೋಗಬೇಡಿ.

ಅಡ್ಡಗೆರೆಯಲ್ಲಿ ಜನರ ಸಂಚಿತ ಪಾಲು, ಲಂಬಗೆರೆಯಲ್ಲಿ ಹೊರಸೂಸುವಿಕೆಯ ಸಂಚಿತ ಪಾಲು ಇಟ್ಟು ಚಿತ್ರ ಬಿಡಿಸಿ. ರೇಖೆ (0, 0)ಯಿಂದ ಹೊರಡಬೇಕು. ಆ ಮೊದಲ ಬಿಂದುವನ್ನು ಮರೆಯುವವರು ತುಂಬಾ ಮಂದಿ. ರೇಖೆ ಸಮಾನತೆಯ ಓರೆಗೆರೆಯ ಕೆಳಗೆ ಜೋತು ಬಿದ್ದ ಹಗ್ಗದಂತೆ ಕಾಣಬೇಕು, ಮುಂದೆ ಹೋದಂತೆ ಕಡಿದಾಗುತ್ತಲೇ ಹೋಗಬೇಕು. ನಡುವೆ ಎಲ್ಲಾದರೂ ಚಪ್ಪಟೆಯಾದರೆ ಜೋಡಣೆ ತಪ್ಪಿದೆ ಎಂದೇ ಅರ್ಥ.

ಹಂತ 6: ಗಿನಿ ಲೆಕ್ಕ

ಪ್ರತಿ ದೇಶಕ್ಕೂ ಹೀಗೆ ಮಾಡಿ: ಅದರ ತನಕದ ಹೊರಸೂಸುವಿಕೆಯ ಸಂಚಿತ ಪಾಲಿಗೆ ಅದರ ಹಿಂದಿನ ದೇಶದ ತನಕದ ಸಂಚಿತ ಪಾಲನ್ನು ಕೂಡಿಸಿ, ಬಂದದ್ದನ್ನು ಲೆಕ್ಕಕ್ಕೆ ಹಿಡಿದ ದೇಶದ ಜನಸಂಖ್ಯೆಯ ಪಾಲಿನಿಂದ ಗುಣಿಸಿ. ಎಲ್ಲ ದೇಶಗಳದ್ದನ್ನೂ ಕೂಡಿ 1ರಿಂದ ಕಳೆಯಿರಿ.

ನಮ್ಮ ಐದು ದೇಶಗಳಿಗೆ ಕ್ರಮವಾಗಿ 0.008, 0.096, 0.128, 0.186, 0.090 ಬರುತ್ತದೆ. ಮೊತ್ತ 0.508. ಗಿನಿ 0.492.

ಈಗ ತಪ್ಪುಗಳನ್ನು ಬೇಕೆಂದೇ ಮಾಡಿ ನೋಡೋಣ. ದೇಶಗಳನ್ನು ಒಟ್ಟು ಹೊರಸೂಸುವಿಕೆಯ ಕ್ರಮದಲ್ಲಿ ಜೋಡಿಸಿದ್ದರೆ ಉ ದೇಶ ಮೂರನೇ ಸ್ಥಾನಕ್ಕೆ ಬರುತ್ತಿತ್ತು, ಇದೇ ಸೂತ್ರ 0.412 ಕೊಡುತ್ತಿತ್ತು. ಜೋಡಣೆಯ ತಪ್ಪು ಗಿನಿಯನ್ನು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. ಜನಸಂಖ್ಯೆಯ ತೂಕ ಬಿಟ್ಟು 1, 2, 6, 12, 20 ಎಂಬ ಐದು ಸಂಖ್ಯೆಗಳ ಗಿನಿ ತೆಗೆದರೆ 0.468. ತಲಾ ಪ್ರಮಾಣವನ್ನೇ ಬಿಟ್ಟು ದೇಶಗಳ ಒಟ್ಟು ಪ್ರಮಾಣದ ಗಿನಿ ತೆಗೆದರೆ 0.288. ಒಂದೇ ಐದು ಸಾಲುಗಳಿಂದ ನಾಲ್ಕು ಉತ್ತರ!

ಒಟ್ಟು ಪ್ರಮಾಣದ ಗಿನಿ ಯಾವಾಗಲೂ ಕಡಿಮೆ ಬರುತ್ತದೆ ಎಂದು ತಿಳಿಯಬೇಡಿ. ಇಲ್ಲಿ ದೇಶಗಳು ಐದೇ, ತೀರಾ ಚಿಕ್ಕದೂ ಇಲ್ಲ. ನಿಜವಾದ ಜಗತ್ತಿನಲ್ಲಿ ಹತ್ತಾರು ಪುಟ್ಟ ದೇಶಗಳಿವೆ, ಅವುಗಳಿಂದಾಗಿ ಆ ಸಂಖ್ಯೆ 0.8 ದಾಟುತ್ತದೆ. ಇದನ್ನು ಎಚ್ಚರಿಕೆಯ ಗುರುತಾಗಿ ಇಟ್ಟುಕೊಳ್ಳಿ. ಇತ್ತೀಚಿನ ವರ್ಷಗಳ ಪಳೆಯುಳಿಕೆ ಕಾರ್ಬನ್ ಡೈಆಕ್ಸೈಡಿಗೆ ಜನಸಂಖ್ಯೆಯ ತೂಕವಿರುವ ತಲಾ ಗಿನಿ 0.4 ಮತ್ತು 0.6ರ ನಡುವೆ ಬರಬೇಕು. ನಿಮಗೆ 0.8ಕ್ಕೂ ಮೇಲೆ ಬಂದಿದ್ದರೆ ನೀವು ಬಹುತೇಕ ಖಂಡಿತವಾಗಿ ದೇಶಗಳ ಒಟ್ಟು ಪ್ರಮಾಣವನ್ನು ತೂಕವಿಲ್ಲದೆ ಹಾಕಿದ್ದೀರಿ.

ಹಂತ 7: ಥೀಲ್ ಸೂಚ್ಯಂಕ, ಗುಂಪುಗಳಾಗಿ ಬಿಡಿಸುವುದು

ಅಸಮಾನತೆ ಎಷ್ಟಿದೆ ಎಂದು ಗಿನಿ ಹೇಳುತ್ತದೆ, ಎಲ್ಲಿಂದ ಬಂತು ಎಂದು ಸಲೀಸಾಗಿ ಹೇಳುವುದಿಲ್ಲ. ಅದಕ್ಕೆ ಥೀಲ್ ಬೇಕು. ಪ್ರತಿ ದೇಶದ ತಲಾ ಪ್ರಮಾಣವನ್ನು ಸರಾಸರಿಯಿಂದ ಭಾಗಿಸಿ. ನಮ್ಮಲ್ಲಿ 0.2, 0.4, 1.2, 2.4, 4 ಬರುತ್ತದೆ. ಪ್ರತಿಯೊಂದರ ಸ್ವಾಭಾವಿಕ ಲಾಗರಿತಮ್ ತೆಗೆದು ಅದೇ ದೇಶದ ಹೊರಸೂಸುವಿಕೆಯ ಪಾಲಿನಿಂದ ಗುಣಿಸಿ, ಎಲ್ಲವನ್ನೂ ಕೂಡಿ. ಉತ್ತರ 0.425. ಹತ್ತರ ಆಧಾರದ ಲಾಗ್ ಬಳಸಿದರೆ 0.185 ಬರುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಎರಡಕ್ಕೂ ಬೇರೆ ಬೇರೆ ಫಂಕ್ಷನ್ ಇವೆ, ಹುಷಾರು.

ಥೀಲ್‌ಗೆ ಇನ್ನೊಂದು ರೂಪವಿದೆ. ಅದರಲ್ಲಿ ತಲೆಕೆಳಗಾದ ಅನುಪಾತದ ಲಾಗನ್ನು ಜನಸಂಖ್ಯೆಯ ಪಾಲಿನಿಂದ ಗುಣಿಸುತ್ತಾರೆ. ನಮ್ಮ ದೇಶಗಳಿಗೆ ಅದು 0.451. ಮೊದಲನೆಯದು ಹೆಚ್ಚು ಉಗುಳುವವರ ಕಡೆಯ ಬದಲಾವಣೆಗೆ ಹೆಚ್ಚು ಮಿಡಿಯುತ್ತದೆ, ಎರಡನೆಯದು ಕಡಿಮೆ ಉಗುಳುವವರ ಕಡೆಯದಕ್ಕೆ. ತೀರಾ ಕಡಿಮೆ ಹೊರಸೂಸುವ ದೇಶದ ಅಂಕಿ ತುಸು ತಪ್ಪಿದ್ದರೂ ಎರಡನೆಯದು ಅಲುಗಾಡುತ್ತದೆ. ಹಾಗಾಗಿ ನಾನು ಮೊದಲನೆಯದನ್ನು ಮುಂದಿಟ್ಟು ಎರಡನೆಯದನ್ನು ತಾಳೆಗೆ ಇಟ್ಟುಕೊಳ್ಳುತ್ತೇನೆ.

ಈಗ ಗುಂಪು ಮಾಡಿ. ‘ಅ’, ‘ಆ’ ಒಂದು ಗುಂಪು. ‘ಇ’, ‘ಈ’, ‘ಉ’ ಇನ್ನೊಂದು. ಮೊದಲ ಗುಂಪಿನಲ್ಲಿ ಜನರ 0.6 ಪಾಲು, ಹೊರಸೂಸುವಿಕೆಯ 0.2 ಪಾಲು. ಎರಡನೆಯದರಲ್ಲಿ 0.4 ಮತ್ತು 0.8. ಗುಂಪುಗಳನ್ನೇ ಎರಡು ದೇಶ ಎಂದುಕೊಂಡು ಥೀಲ್ ಹಾಕಿದರೆ 0.335. ಒಟ್ಟು 0.425ರಲ್ಲಿ ಇದು ಶೇ 79. ಉಳಿದ 0.090 ಗುಂಪುಗಳ ಒಳಗಿನದು. ಆ ಒಳಗಿನದನ್ನು ಬೇರೆಯಾಗಿಯೂ ಲೆಕ್ಕ ಹಾಕಿ: ಪ್ರತಿ ಗುಂಪಿನ ಒಳಗಿನ ಥೀಲನ್ನು ಗುಂಪಿನ ಹೊರಸೂಸುವಿಕೆಯ ಪಾಲಿನಿಂದ ಗುಣಿಸಿ ಕೂಡಿ. ಎರಡು ದಾರಿಯಲ್ಲೂ 0.090 ಬರಬೇಕು. ಬರದಿದ್ದರೆ ಗುಂಪಿನ ಒಳಗಿನ ಪಾಲುಗಳನ್ನು ಗುಂಪಿನ ಸರಾಸರಿಗೆ ಹೋಲಿಸದೆ ಜಗತ್ತಿನ ಸರಾಸರಿಗೆ ಹೋಲಿಸಿರುತ್ತೀರಿ. ಈ ಹಂತದ ತಪ್ಪು ಹೆಚ್ಚಾಗಿ ಇದೊಂದೇ.

ಗುಂಪು ಕಟ್ಟುವಾಗ ಒಂದು ಪ್ರಾಮಾಣಿಕತೆ ಬೇಕು. ಹೊರಸೂಸುವಿಕೆಯನ್ನೇ ನೋಡಿ ಗುಂಪು ಕಟ್ಟಿ, ಆಮೇಲೆ ‘ಗುಂಪುಗಳ ನಡುವಿನ ಅಂತರವೇ ದೊಡ್ಡದು’ ಎಂದು ಹೇಳಿದರೆ ಅದು ಸುತ್ತು ವಾದ. ಮೇಲಿನ ಉದಾಹರಣೆಯಲ್ಲಿ ನಾನು ಮಾಡಿದ್ದೂ ಅದೇ, ಲೆಕ್ಕ ತೋರಿಸಲಿಕ್ಕಾಗಿ ಮಾತ್ರ. ನಿಜ ಕೆಲಸದಲ್ಲಿ ವಿಶ್ವಬ್ಯಾಂಕಿನ ಆದಾಯ ವರ್ಗ ಅಥವಾ ಭೂಪ್ರದೇಶದಂತೆ ಹೊರಗಿನಿಂದ ಬಂದ ವಿಂಗಡಣೆ ಬಳಸಿ.

ಹಂತ 8: ಮೂರು ಪರೀಕ್ಷೆ ದಾಟಿಸಿ

ಮೊದಲನೆಯದು ಸೀಳುವ ಪರೀಕ್ಷೆ. ನಮ್ಮ ‘ಆ’ ದೇಶವನ್ನು 20 ಕೋಟಿ ಜನರ ಎರಡು ಸಾಲುಗಳಾಗಿ ಸೀಳಿ, ಎರಡರಲ್ಲೂ ತಲೆಗೆ 2 ಟನ್ನೇ ಇಡಿ. ಒಬ್ಬನೇ ಒಬ್ಬ ಮನುಷ್ಯನ ಪಾಲೂ ಬದಲಾಗಿಲ್ಲ. ತೂಕವಿರುವ ಗಿನಿ 0.492ರಲ್ಲೇ ನಿಲ್ಲಬೇಕು. ತೂಕವಿಲ್ಲದ್ದು 0.468ರಿಂದ 0.500ಕ್ಕೆ ನೆಗೆಯುತ್ತದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು 15 ದೇಶಗಳಾದಂಥ ಘಟನೆಯನ್ನು ದಾಟಿ ಹೋಗುವ ಸರಣಿಯಲ್ಲಿ ತೂಕವಿಲ್ಲದ ಗಿನಿಯನ್ನು ನಂಬಬಾರದು ಎನ್ನುವುದು ಇದಕ್ಕೇ.

ಎರಡನೆಯದು ಸೇರಿಸುವ ಪರೀಕ್ಷೆ. ಪ್ರತಿಯೊಬ್ಬರ ತಲೆಗೂ 1 ಟನ್ ಹೆಚ್ಚಿಸಿ. ಅಂತರಗಳು ಟನ್ನಿನಲ್ಲಿ ಹಾಗೇ ಇವೆ, ಸರಾಸರಿ 5ರಿಂದ 6ಕ್ಕೆ ಏರಿದೆ. ಗಿನಿ 0.41ಕ್ಕೆ ಇಳಿಯಬೇಕು.

ಮೂರನೆಯದು ತೆಗೆದು ನೋಡುವ ಪರೀಕ್ಷೆ. ನಿಜ ದತ್ತಾಂಶದಲ್ಲಿ ಒಂದು ಸಲ ಚೀನಾವನ್ನು, ಒಂದು ಸಲ ಭಾರತವನ್ನು, ಒಂದು ಸಲ ಅಮೆರಿಕವನ್ನು ತೆಗೆದು ಲೆಕ್ಕ ಹಾಕಿ. ಚೀನಾ, ಭಾರತ ಎರಡೂ ಜಗತ್ತಿನ ಜನರಲ್ಲಿ ತಲಾ ಶೇ 17ಕ್ಕೂ ಹೆಚ್ಚಿನ ಪಾಲಿನವು, ಒಂದೊಂದನ್ನು ತೆಗೆದಾಗಲೂ ಉತ್ತರ ಕದಲುವುದು ಸಹಜ. ಎಷ್ಟು ಕದಲಿತು ಎಂಬುದನ್ನು ಬರೆದಿಡಿ. ಅದೇ ಹೊತ್ತಿಗೆ ಒಂದು ಪುಟ್ಟ ದ್ವೀಪವನ್ನೂ ತೆಗೆದು ನೋಡಿ. ಉತ್ತರದ ಎರಡನೇ ದಶಮಾಂಶ ಸ್ಥಾನ ಅಲುಗಿದರೆ ನಿಮ್ಮ ತೂಕ ಕೆಲಸ ಮಾಡುತ್ತಿಲ್ಲ.

ಇದೇ ಕಾರಣಕ್ಕೆ ‘ಜಗತ್ತಿನ ಮೇಲಿನ ಶೇ 10 ಜನ’ ಎಂಬ ಲೆಕ್ಕವನ್ನು ದೇಶಗಳ ಸರಾಸರಿಯಿಂದ ತೆಗೆಯುವಾಗ ಜಾಗ್ರತೆ. ಗಡಿ ಒಂದು ದೊಡ್ಡ ದೇಶದ ನಡುವೆ ಬಿದ್ದರೆ ಆ ದೇಶವನ್ನು ಪಾಲು ಮಾಡಬೇಕಾಗುತ್ತದೆ, ಇಡಿಯಾಗಿ ಒಳಗೆ ತಂದರೆ ಶೇ 10 ಎಂಬುದು ಶೇ 25 ಆಗಬಹುದು.

ಹಂತ 9: ವರ್ಷದಿಂದ ವರ್ಷಕ್ಕೆ ಹೋಲಿಸುವಾಗ

ಎಲ್ಲ ವರ್ಷಗಳನ್ನೂ ದತ್ತಾಂಶದ ಒಂದೇ ಆವೃತ್ತಿಯಿಂದ ತೆಗೆಯಿರಿ. ಈ ಸಂಸ್ಥೆಗಳು ಹೊಸ ಆವೃತ್ತಿ ತಂದಾಗ ಹಳೆಯ ವರ್ಷಗಳ ಅಂಕಿಗಳನ್ನೂ ತಿದ್ದುತ್ತವೆ. ಹಿಂದೆ ಲೆಕ್ಕ ಹಾಕಿಟ್ಟ 2015ರ ಗಿನಿಗೆ ಈಗಿನ ಕಡತದ 2022ರ ಗಿನಿಯನ್ನು ಅಂಟಿಸಿದರೆ ಕಾಣುವ ಏರಿಳಿತದಲ್ಲಿ ತಿದ್ದುಪಡಿಯ ಪಾಲೂ ಸೇರಿರುತ್ತದೆ.

ಸೂಚ್ಯಂಕ ಇಳಿದರೆ ಸಂತೋಷ ಪಡುವ ಮೊದಲು ಯಾಕೆ ಇಳಿಯಿತು ಎಂದು ಹುಡುಕಿ. ದೇಶಗಳ ನಡುವಿನ ತಲಾ ಕಾರ್ಬನ್ ಡೈಆಕ್ಸೈಡ್ ಅಸಮಾನತೆ ಕಳೆದ ಕೆಲವು ದಶಕಗಳಲ್ಲಿ ಇಳಿದಿದೆ, ಅದರ ದೊಡ್ಡ ಕಾರಣ ಚೀನಾದ ಏರಿಕೆ. 2000ರಲ್ಲಿ ಜಗತ್ತಿನ ಸರಾಸರಿಗಿಂತ ಕೆಳಗಿದ್ದ ಆ ದೇಶದ ತಲಾ ಪ್ರಮಾಣ ಆ ದಶಕದಲ್ಲೇ ಸರಾಸರಿಯನ್ನು ದಾಟಿತು. ಸರಾಸರಿಯ ಕೆಳಗಿರುವ ದೊಡ್ಡ ದೇಶ ಮೇಲೇರಿದರೆ ಅಸಮಾನತೆ ತಗ್ಗುತ್ತದೆ. ಮೇಲೆ ಹೋದ ಮೇಲೂ ಏರುತ್ತಲೇ ಇದ್ದರೆ ಒಂದು ಹಂತದಲ್ಲಿ ಹೆಚ್ಚತೊಡಗುತ್ತದೆ. ಎರಡೂ ಹೊತ್ತಿನಲ್ಲಿ ವಾತಾವರಣಕ್ಕೆ ಸೇರುವ ಅನಿಲ ಮಾತ್ರ ಹೆಚ್ಚುತ್ತಲೇ ಇರುತ್ತದೆ. ಆದ್ದರಿಂದ ಗಿನಿಯ ಗ್ರಾಫಿನ ಕೆಳಗೇ ಒಟ್ಟು ಹೊರಸೂಸುವಿಕೆಯ ಗ್ರಾಫನ್ನೂ ಇಡಿ. ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸುವುದು ಸರಿಯಲ್ಲ.

ಇದುವರೆಗಿನ ಒಟ್ಟು ಸಂಚಿತ ಹೊರಸೂಸುವಿಕೆಯನ್ನು ಅಳೆಯುವುದು ಬೇರೆಯೇ ಕೆಲಸ. ಪಳೆಯುಳಿಕೆ ಇಂಧನದಿಂದ ಇದುವರೆಗೆ ಬಂದ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದು. ಆ ಮೊತ್ತವನ್ನು ಇಂದಿನ ಜನಸಂಖ್ಯೆಗೆ ಭಾಗಿಸುತ್ತೀರೋ ಆಯಾ ವರ್ಷದ ಜನಸಂಖ್ಯೆಗೆ ಭಾಗಿಸಿ ಕೂಡುತ್ತೀರೋ ಎಂಬುದರಿಂದ ಉತ್ತರ ಬದಲಾಗುತ್ತದೆ. ಆಯ್ಕೆಯನ್ನು ಹಂತ 1ರ ವಾಕ್ಯದಲ್ಲೇ ಸೇರಿಸಿ.

ಹಂತ 10: ಬರೆಯುವಾಗ

ಹಂತ 1ರ ವಾಕ್ಯವನ್ನು ಪೂರ್ತಿಯಾಗಿ ಚಿತ್ರದ ಕೆಳಗೆ ಹಾಕಿ. ದತ್ತಾಂಶದ ಹೆಸರು, ಆವೃತ್ತಿ, ದೇಶಗಳ ಸಂಖ್ಯೆ, ಅವು ಜಗತ್ತಿನ ಜನರಲ್ಲಿ ಎಷ್ಟು ಪಾಲು ಎಂಬುದು, ಬಿಟ್ಟ ಸಾಲುಗಳು, ಬಳಸಿದ ಗುಣಕಗಳು ಇಷ್ಟೂ ಇರಲಿ. ಗಿನಿಯನ್ನು ಎರಡು ದಶಮಾಂಶ ಸ್ಥಾನಕ್ಕೆ ನಿಲ್ಲಿಸಿ. ಮೀಥೇನ್, ನೈಟ್ರಸ್ ಆಕ್ಸೈಡಿನ ಅಂದಾಜುಗಳಲ್ಲಿರುವ ಅನಿಶ್ಚಿತತೆ ನೋಡಿದರೆ ನಾಲ್ಕನೇ ಸ್ಥಾನಕ್ಕೆ ಅರ್ಥವಿಲ್ಲ.

ಇನ್ನೊಂದು ಮಾತು ಬರೆಯದೆ ಬಿಡಬೇಡಿ. ಈ ಸೂಚ್ಯಂಕ ಒಂದು ದೇಶದ ಒಳಗಿನ ಎಲ್ಲರೂ ಆ ದೇಶದ ಸರಾಸರಿಯಷ್ಟೇ ಹೊರಸೂಸುತ್ತಾರೆ ಎಂದು ಹಿಡಿದುಕೊಳ್ಳುತ್ತದೆ. ನಮ್ಮ ‘ಆ’ ದೇಶದಲ್ಲಿ ತಲೆಗೆ 2 ಟನ್ ಎಂದಾಗ, ಅಲ್ಲಿ 15 ಟನ್ ಹೊರಸೂಸುವವರೂ ಅರ್ಧ ಟನ್ನಿನಲ್ಲಿ ಬದುಕುವವರೂ ಒಂದೇ ಸಾಲಿನಲ್ಲಿ ಕರಗಿಹೋಗಿದ್ದಾರೆ. ದೇಶದ ಒಳಗಿನ ಅಂತರವನ್ನೂ ಸೇರಿಸಿದರೆ ಅಸಮಾನತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಆದ್ದರಿಂದ ನಿಮಗೆ ಬಂದ 0.49 ಅಥವಾ 0.52 ಜಗತ್ತಿನ ಮನುಷ್ಯರ ನಡುವಿನ ಅಸಮಾನತೆಯ ಕೆಳಮಿತಿ. ಚಿತ್ರದ ಕೆಳಗಿನ ಆ ವಾಕ್ಯದ ಜೊತೆಗೆ ಇದನ್ನೂ ಸೇರಿಸಿ.